ಕಾದು ಕುಳಿತವರ ತೀರ್ಪು

2003ರ ಜನವರಿ 7ರಂದು ಅಮೆರಿಕದ ಪುಸ್ತಕದಂಗಡಿಗಳಿಗೆ ಸುಮಾರು 680 ಪುಟಗಳ ಭಾರೀ ಕಾದಂಬರಿಯೊಂದು ಬಂದಿತು. ಅದರ ಹೆಸರು ‘ಕ್ರಾಸ್‌ರೋಡ್ಸ್ ಆಫ್ ಟ್ವೈಲೈಟ್’. ಬರೆದವನು ರಾಬರ್ಟ್ ಜೋರ್ಡಾನ್. ‘ದಿ ವೀಲ್ ಆಫ್ ಟೈಮ್’, ಅಂದರೆ ಕಾಲಚಕ್ರ, ಎಂಬ ಅದ್ಭುತ ಕಥಾಸರಣಿಯ ಹತ್ತನೆಯ ಪುಸ್ತಕ ಅದು. ಒಂಬತ್ತನೆಯದು ಪ್ರಕಟವಾಗಿ ಎರಡು ವರ್ಷ ಎರಡು ತಿಂಗಳು ಕಳೆದಿತ್ತು. ಓದುಗರು ಮುಗಿಬಿದ್ದು ಕೊಂಡರು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಮಾರಾಟದ ಪಟ್ಟಿಯಲ್ಲಿ ಪುಸ್ತಕ ಮೊದಲ ಸ್ಥಾನಕ್ಕೇರಿತು. ಆದರೆ ಕೊಂಡವರು ಓದಿ ಮುಗಿಸುತ್ತಿದ್ದಂತೆಯೇ ದೂರುಗಳ ಸುರಿಮಳೆ ಆರಂಭವಾಯಿತು. ಅವೆಲ್ಲವುಗಳ ಸಾರ ಒಂದೇ: ಈ ಪುಸ್ತಕದಲ್ಲಿ ಏನೂ ನಡೆಯುವುದೇ ಇಲ್ಲ!

ಸರಣಿಯ ಅತ್ಯಂತ ದುರ್ಬಲ ಪುಸ್ತಕ ಯಾವುದೆಂದು ಕೇಳಿದರೆ ಇಂದಿಗೂ ಬಹುಪಾಲು ಓದುಗರು ಬೆರಳು ತೋರಿಸುವುದು ಇದರತ್ತಲೇ. ಆದರೂ ಗಮನಿಸಬೇಕಾದ ಸಂಗತಿಯೆಂದರೆ, ಬೈದವರಲ್ಲಿ ಹೆಚ್ಚಿನವರು ಸರಣಿಯನ್ನು ಕೈಬಿಡಲಿಲ್ಲ. ಹನ್ನೊಂದನೆಯ ಪುಸ್ತಕಕ್ಕಾಗಿ ಮತ್ತೆ ಕಾದು ಕುಳಿತರು. ನಿರಾಸೆ ಮತ್ತು ನಿಷ್ಠೆ ಎರಡೂ ಒಂದೇ ಮನೆಯಲ್ಲಿ ಹೀಗೆ ಒಟ್ಟಿಗೆ ಬಾಳಿದ್ದು ಹೇಗೆ? ಒಂದು ಪುಸ್ತಕದ ಮೇಲಿನ ಅಭಿಪ್ರಾಯ ಕೇವಲ ಆ ಪುಸ್ತಕದ ಕುರಿತದ್ದೇ, ಅಥವಾ ಅದಕ್ಕಾಗಿ ಕಳೆದ ದಿನಗಳ ಲೆಕ್ಕವೂ ಅದರಲ್ಲಿ ಸೇರಿರುತ್ತದೆಯೇ? ಈ ಹತ್ತನೆಯ ಪುಸ್ತಕದ ಚರಿತ್ರೆ ಅಂಥ ಪ್ರಶ್ನೆಗಳನ್ನು ಎತ್ತುತ್ತದೆ.

ಆರು ಹದಿನಾಲ್ಕಾದ ಕಥೆ

ರಾಬರ್ಟ್ ಜೋರ್ಡಾನ್ ಎಂಬುದು ಕಾವ್ಯನಾಮ. ಆತನ ನಿಜವಾದ ಹೆಸರು ಜೇಮ್ಸ್ ಆಲಿವರ್ ರಿಗ್ನಿ. ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದಲ್ಲಿ 1948ರಲ್ಲಿ ಹುಟ್ಟಿದವನು. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರಿನ ಗನ್ನರ್ ಆಗಿ ಎರಡು ಅವಧಿ ಸೇವೆ ಸಲ್ಲಿಸಿ ಪದಕಗಳನ್ನು ಪಡೆದ. ಮರಳಿ ಬಂದು ಭೌತಶಾಸ್ತ್ರದಲ್ಲಿ ಪದವಿ ಗಳಿಸಿ, ನೌಕಾಪಡೆಯ ಕೆಲಸದಲ್ಲಿ ಪರಮಾಣು ಎಂಜಿನಿಯರ್ ಆದ. 1977ರಿಂದ ಬರವಣಿಗೆಯನ್ನೇ ವೃತ್ತಿಯಾಗಿಸಿಕೊಂಡ. ಆತನ ಹೆಂಡತಿ ಹ್ಯಾರಿಯೆಟ್ ಮೆಕ್‌ಡೂಗಲ್ ಹೆಸರಾಂತ ಸಂಪಾದಕಿ. ಗಂಡನ ಪುಸ್ತಕಗಳನ್ನು ತಿದ್ದಿದವಳೂ ಆಕೆಯೇ.

ಸರಣಿಯ ಮೊದಲ ಪುಸ್ತಕ ‘ದಿ ಐ ಆಫ್ ದಿ ವರ್ಲ್ಡ್’ 1990ರ ಜನವರಿಯಲ್ಲಿ ಬಂದಿತು. ಪ್ರಕಾಶಕ ಟಾಮ್ ಡೊಹರ್ಟಿ ಆರು ಪುಸ್ತಕಗಳಿಗೆ ಒಪ್ಪಂದ ಮಾಡಿಕೊಂಡಿದ್ದ. ಜೋರ್ಡಾನ್ ಮಾತಿಗೆ ತಪ್ಪಲಿಲ್ಲ. 1994 ಮುಗಿಯುವುದರೊಳಗೆ, ಅಂದರೆ ಐದೇ ವರ್ಷಗಳಲ್ಲಿ, ಆರು ಬೃಹತ್ ಸಂಪುಟಗಳನ್ನು ಕೊಟ್ಟ. ಆದರೆ ಕಥೆ ಮುಗಿಯಲಿಲ್ಲ. ಏಳನೆಯದು 1996ರಲ್ಲಿ, ಎಂಟನೆಯದು 1998ರಲ್ಲಿ, ಒಂಬತ್ತನೆಯದು 2000ದಲ್ಲಿ ಬಂದವು. ಕಡೆಗೆ ಸರಣಿ ಹದಿನಾಲ್ಕು ಸಂಪುಟಗಳಿಗೆ ಬೆಳೆಯಿತು. ಜೊತೆಗೆ ಪೂರ್ವಕಥೆಯ ಸಂಪುಟವೊಂದು. ಒಟ್ಟು ಸುಮಾರು 44 ಲಕ್ಷ ಪದಗಳು. ಹೆಸರುಳ್ಳ ಪಾತ್ರಗಳೇ ಎರಡು ಸಾವಿರಕ್ಕೂ ಹೆಚ್ಚು.

ಕಥೆಯ ಬೀಜ ಭಾರತದ ಓದುಗನಿಗೆ ತೀರ ಅಪರಿಚಿತವಲ್ಲ. ಇಲ್ಲಿ ಕಾಲ ಒಂದು ಚಕ್ರ. ಏಳು ಯುಗಗಳ ಆ ಚಕ್ರ ಸುತ್ತುತ್ತಲೇ ಇರುತ್ತದೆ. ಮಡಿದ ವೀರರು ಮತ್ತೆ ಹುಟ್ಟಿಬರುತ್ತಾರೆ. ಜಗತ್ತನ್ನು ನಡೆಸುವ ಶಕ್ತಿಗೆ ಎರಡು ಭಾಗ, ಒಂದು ಗಂಡಿನದು, ಇನ್ನೊಂದು ಹೆಣ್ಣಿನದು. ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಕತ್ತಲೆಯ ಒಡೆಯನೊಬ್ಬ ಗಂಡಿನ ಭಾಗಕ್ಕೆ ವಿಷ ಬೆರೆಸಿದ್ದಾನೆ. ಅಂದಿನಿಂದ ಅದನ್ನು ಮುಟ್ಟಿದ ಗಂಡಸರಿಗೆಲ್ಲ ಹುಚ್ಚು ಹಿಡಿಯುತ್ತದೆ. ಹಳ್ಳಿಯಲ್ಲಿ ಬೆಳೆದ ರ‍್ಯಾಂಡ್ ಎಂಬ ಯುವಕ ಹಿಂದಿನ ಯುಗದ ಮಹಾವೀರನ ಮರುಹುಟ್ಟು. ಅಂತಿಮ ಯುದ್ಧದಲ್ಲಿ ಜಗತ್ತನ್ನು ಉಳಿಸಬೇಕಾದವನೂ ಅವನೇ. ಅಷ್ಟರೊಳಗೆ ಹುಚ್ಚನಾಗಿ ಅದನ್ನು ನಾಶಮಾಡಬಹುದಾದವನೂ ಅವನೇ.

ಒಂದೇ ದಿನದ ಸುತ್ತ

ಒಂಬತ್ತನೆಯ ಪುಸ್ತಕದ ಕೊನೆಯಲ್ಲಿ ರ‍್ಯಾಂಡ್ ಮತ್ತು ನೈನೀವ್ ಎಂಬಾಕೆ ಸೇರಿ ಆ ಪುರಾತನ ವಿಷವನ್ನು ತೊಳೆದುಹಾಕುತ್ತಾರೆ. ಸರಣಿಯ ಅತಿ ದೊಡ್ಡ ಘಟನೆಗಳಲ್ಲಿ ಅದೊಂದು. ಮುಂದೇನು ಎಂದು ಎರಡು ವರ್ಷ ಕಾದ ಓದುಗ ಹತ್ತನೆಯ ಪುಸ್ತಕ ತೆರೆದಾಗ ಆದದ್ದೇನು? ಕಥೆ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ನಡೆಯಿತು. ರ‍್ಯಾಂಡ್ ಆ ಮಹಾಕಾರ್ಯದಲ್ಲಿ ತೊಡಗಿದ್ದ ಹೊತ್ತಿನಲ್ಲೇ ಬೇರೆ ಬೇರೆ ಊರುಗಳಲ್ಲಿದ್ದ ಬೇರೆ ಬೇರೆ ಪಾತ್ರಗಳು ಏನು ಮಾಡುತ್ತಿದ್ದವು ಎಂಬುದನ್ನು ಲೇಖಕ ಒಂದೊಂದಾಗಿ ಹೇಳತೊಡಗಿದ. ಪ್ರತಿಯೊಬ್ಬರೂ ದೂರದಲ್ಲೆಲ್ಲೋ ಉರಿದ ಮಹಾಶಕ್ತಿಯನ್ನು ಅನುಭವಿಸುತ್ತಾರೆ, ಬೆರಗಾಗುತ್ತಾರೆ, ಅದೇನಿರಬಹುದೆಂದು ಚರ್ಚಿಸುತ್ತಾರೆ. ಅದೇನೆಂದು ಗೊತ್ತಿರುವವನು ಓದುಗ ಮಾತ್ರ. ಗೊತ್ತಿರುವುದನ್ನೇ ನಾಲ್ಕಾರು ಮಂದಿ ಊಹಿಸುವುದನ್ನು ನೂರಾರು ಪುಟ ಓದಬೇಕಾಗಿ ಬಂದದ್ದು ಮೊದಲ ದೂರಿಗೆ ಕಾರಣ.

ಎರಡನೆಯ ದೂರು, ಎಳೆಗಳು ಬಗೆಹರಿಯದೆ ಉಳಿದವು ಎಂಬುದು. ಕಮ್ಮಾರನ ಕಸುಬಿನ ಪೆರಿನ್ ಶತ್ರುಗಳು ಸೆರೆಹಿಡಿದ ಹೆಂಡತಿಯನ್ನು ಹುಡುಕುತ್ತ ಹೊರಟಿದ್ದ. ಪುಸ್ತಕ ಮುಗಿದಾಗಲೂ ಆಕೆ ಸೆರೆಯಲ್ಲೇ ಇದ್ದಳು. ಜೂಜುಗಾರ ಮ್ಯಾಟ್ ತಾನು ಅಪಹರಿಸಿದ ರಾಜಕುಮಾರಿಯೊಡನೆ ಸಂಚಾರಿ ಸರ್ಕಸ್ ಒಂದರಲ್ಲಿ ಅಡಗಿಕೊಂಡು ನಿಧಾನವಾಗಿ ಊರಿಂದೂರಿಗೆ ಸಾಗಿದ. ಸಿಂಹಾಸನಕ್ಕಾಗಿ ಹೋರಾಡುತ್ತಿದ್ದ ಎಲೇನಳ ಸ್ನಾನದ ವರ್ಣನೆಯಂತೂ ಓದುಗರ ನಡುವೆ ಗಾದೆಯಂತಾಯಿತು. ಕಥಾನಾಯಕ ರ‍್ಯಾಂಡ್ ಕಾಣಿಸಿಕೊಂಡದ್ದು ಕೆಲವೇ ಪುಟಗಳಲ್ಲಿ. ಕಥೆಯನ್ನು ನಿಜವಾಗಿ ಮುಂದಕ್ಕೆ ತಳ್ಳುವ ಘಟನೆ, ಅಂದರೆ ಎಗ್ವೀನ್ ಎಂಬ ಯುವತಿ ಮುತ್ತಿಗೆ ಹಾಕಿದ ನಗರದ ಬಂದರಿನ ಬಾಯಿಗೆ ಬಿಗಿದ ಸರಪಳಿಯ ಬಳಿ ಶತ್ರುಗಳ ಕೈಗೆ ಸಿಕ್ಕಿಬೀಳುವುದು, ನಡೆದದ್ದು ಕಟ್ಟಕಡೆಯ ಪುಟಗಳಲ್ಲಿ.

ಮೂರನೆಯ ದೂರು ಶೈಲಿಯದು. ಉಡುಗೆಯ ಕಸೂತಿ, ಚಹಾದ ಬಿಸಿ, ಲಂಗದ ನೆರಿಗೆ ಸರಿಪಡಿಸುವುದು, ಸಿಟ್ಟು ಬಂದಾಗಲೆಲ್ಲ ನೈನೀವ್ ತನ್ನ ಜಡೆ ಎಳೆದುಕೊಳ್ಳುವುದು. ಇವೆಲ್ಲ ಮೊದಲ ಪುಸ್ತಕಗಳಲ್ಲಿ ಮುದ್ದಾಗಿ ಕಂಡಿದ್ದವು. ಹತ್ತನೆಯದರ ಹೊತ್ತಿಗೆ ಬೇಸರ ತಂದವು. ಸರಣಿಯ ಮಧ್ಯದ ಈ ನಿಧಾನಗತಿಯ ಪುಸ್ತಕಗಳಿಗೆ ಓದುಗರು ‘ಸ್ಲಾಗ್’ ಎಂದು ಅಡ್ಡಹೆಸರಿಟ್ಟರು. ಕೆಸರಿನಲ್ಲಿ ಕಾಲೆಳೆದುಕೊಂಡು ನಡೆಯುವ ದಾರಿ ಎಂದು ಅದರ ಭಾವಾರ್ಥ.

ಪ್ರತಿವಾದವೂ ಇಲ್ಲದಿರಲಿಲ್ಲ. ಯುದ್ಧವೆಂದರೆ ಕತ್ತಿಯ ಕಾಳಗವಷ್ಟೇ ಅಲ್ಲ, ಹಸಿವು, ಚಳಿ, ಕಾಯುವಿಕೆ ಎಂಬುದನ್ನು ಈ ಪುಸ್ತಕ ತೋರಿಸುತ್ತದೆ ಎಂದವರುಂಟು. ಸೈನ್ಯಕ್ಕೆ ಧಾನ್ಯ ಕೊಳ್ಳಲು ಪೆರಿನ್ ಒಂದು ಊರಿಗೆ ಹೋಗುತ್ತಾನೆ. ಅಲ್ಲಿಯ ಕಾಳೆಲ್ಲ ನುಸಿ ಹಿಡಿದಿದೆ. ಬೀದಿಗಳಲ್ಲಿ ಸತ್ತವರು ಸುಳಿಯುತ್ತಾರೆ. ಬದುಕಿರುವವರು ಮೈ ತೊಳೆಯುವುದನ್ನೂ ಮರೆತಿದ್ದಾರೆ. ಮುಂದೆ ಹೆಂಡತಿಯ ಸುಳಿವಿಗಾಗಿ ಅವನು ಸೆರೆಯಾಳೊಬ್ಬನ ಕೈಯನ್ನು ಕೊಡಲಿಯಿಂದ ಕಡಿಯುತ್ತಾನೆ. ತಾನು ಏನಾಗಿಬಿಟ್ಟೆನೆಂದು ಆ ಕ್ಷಣದಲ್ಲಿ ಅರಿವಾಗಿ, ಕೊಡಲಿಯನ್ನು ಬೀಸಿ ಎಸೆಯುತ್ತಾನೆ. ಮರಕ್ಕೆ ಕಚ್ಚಿಕೊಂಡ ಅದನ್ನು ಅಲ್ಲಿಯೇ ಬಿಟ್ಟು ನಡೆಯುತ್ತಾನೆ. ಯುದ್ಧವನ್ನು ಕಣ್ಣಾರೆ ಕಂಡು ಬಂದವನು ಬರೆದ ಪುಟಗಳಿವು. ಪುಸ್ತಕವನ್ನು ಕಟುವಾಗಿ ಟೀಕಿಸಿದವರಲ್ಲೂ ಅನೇಕರು ಈ ಪ್ರಸಂಗವನ್ನು ಮರೆತಿಲ್ಲ.

ದೂರಿಗೆ ನಾಲ್ಕು ಶತಮಾನ

ಮುಂದುವರಿಯುವ ಕಥೆಯ ಮೇಲೆ ಓದುಗರು ಹಕ್ಕು ಸಾಧಿಸುವುದು ಹೊಸದೇನಲ್ಲ. ಸ್ಪೇನಿನ ಸರ್ವಾಂಟೀಸ್ 1605ರಲ್ಲಿ ‘ಡಾನ್ ಕ್ವಿಕ್ಸಾಟ್’ ಕಾದಂಬರಿಯ ಮೊದಲ ಭಾಗ ಪ್ರಕಟಿಸಿದ. ಎರಡನೆಯ ಭಾಗಕ್ಕೆ ಆತ ಹತ್ತು ವರ್ಷ ತೆಗೆದುಕೊಂಡ. ಕಾದು ಕುಳಿತ ಜನರ ಹಸಿವನ್ನು ಅರಿತ ಇನ್ನಾರೋ 1614ರಲ್ಲಿ ಅವೆಯನೇಡ ಎಂಬ ಹೆಸರಿನಲ್ಲಿ ಸುಳ್ಳು ಎರಡನೆಯ ಭಾಗವನ್ನು ಹೊರತಂದ. ಮರುವರ್ಷವೇ ಸರ್ವಾಂಟೀಸ್‌ನ ನಿಜವಾದ ಎರಡನೆಯ ಭಾಗ ಬಂದಿತು. ಅದರ ಆರಂಭದ ಅಧ್ಯಾಯಗಳಲ್ಲಿ ಒಂದು ತಮಾಷೆಯಿದೆ. ಮೊದಲ ಭಾಗವನ್ನು ಓದಿದ ಪದವೀಧರನೊಬ್ಬ ಕಥಾನಾಯಕನನ್ನೇ ಭೇಟಿಯಾಗಿ ಓದುಗರ ಅಭಿಪ್ರಾಯಗಳನ್ನು ಒಪ್ಪಿಸುತ್ತಾನೆ. ಕಥೆಯ ನಡುವೆ ಸಂಬಂಧವಿಲ್ಲದ ಇನ್ನೊಂದು ಕಥೆಯನ್ನೇಕೆ ತುರುಕಿದ್ದು? ಸಾಂಚೋನ ಕಳುವಾದ ಕತ್ತೆ ವಿವರಣೆಯೇ ಇಲ್ಲದೆ ಮತ್ತೆ ಹೇಗೆ ಪ್ರತ್ಯಕ್ಷವಾಯಿತು? ನಾನೂರು ವರ್ಷಗಳ ಹಿಂದಿನ ಈ ಆಕ್ಷೇಪಗಳಿಗೂ ಜೋರ್ಡಾನ್‌ನ ಓದುಗರ ಆಕ್ಷೇಪಗಳಿಗೂ ವ್ಯತ್ಯಾಸ ಬಹಳವಿಲ್ಲ. ಇದನ್ನು ಬರೆದ ಮರುವರ್ಷ, 1616ರಲ್ಲಿ, ಸರ್ವಾಂಟೀಸ್ ತೀರಿಕೊಂಡ. ಇನ್ನೊಂದಿಷ್ಟು ತಡವಾಗಿದ್ದರೆ ಜಗತ್ತಿಗೆ ಉಳಿಯುತ್ತಿದ್ದದ್ದು ಸುಳ್ಳು ಭಾಗ ಮಾತ್ರ.

ಆಧುನಿಕ ಅದ್ಭುತ ಕಥೆಗಳ ಪಿತಾಮಹನೆನಿಸಿದ ಟೋಲ್ಕಿನ್‌ನಿಗೂ ಇದು ತಪ್ಪಲಿಲ್ಲ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಯ ಮೊದಲೆರಡು ಸಂಪುಟಗಳು 1954ರ ಜುಲೈ ಮತ್ತು ನವೆಂಬರ್‌ಗಳಲ್ಲಿ ಬಂದವು. ಮೂರನೆಯದು ಅನುಬಂಧಗಳ ಕೆಲಸದಿಂದಾಗಿ 1955ರ ಅಕ್ಟೋಬರ್‌ವರೆಗೆ ತಡವಾಯಿತು. ಎರಡನೆಯ ಸಂಪುಟದ ಕೊನೆಯಲ್ಲಿ ನಾಯಕ ಶತ್ರುಗಳ ಕೈಗೆ ಸಿಕ್ಕಿದ್ದ. ಓದುಗರು ಹನ್ನೊಂದು ತಿಂಗಳು ಅದೇ ಆತಂಕದಲ್ಲಿರಬೇಕಾಯಿತು. ಮುಂದೆ ಎರಡನೆಯ ಮುದ್ರಣದ ಮುನ್ನುಡಿಯಲ್ಲಿ ಟೋಲ್ಕಿನ್, ಕೆಲವರು ದೋಷವೆಂದು ತೋರಿಸಿದ ಭಾಗಗಳನ್ನೇ ಇನ್ನು ಕೆಲವರು ವಿಶೇಷವಾಗಿ ಮೆಚ್ಚಿಕೊಂಡಿದ್ದಾರೆಂದು ಹೇಳಿಕೊಂಡಿದ್ದಾನೆ. ಎಲ್ಲರನ್ನೂ ಎಲ್ಲೆಡೆಯೂ ಮೆಚ್ಚಿಸುವುದು ದೀರ್ಘ ಕಥೆಗೆ ಸಾಧ್ಯವಿಲ್ಲ ಎಂಬುದು ಅದರ ತಾತ್ಪರ್ಯ.

ಇನ್ನೊಂದು ಲೆಕ್ಕ

ಜೋರ್ಡಾನ್‌ನ ಓದುಗರು ಪುಟ ಎಣಿಸುತ್ತಿದ್ದ ಕಾಲದಲ್ಲಿ ಯಾರ ಗಮನಕ್ಕೂ ಬಾರದ ಇನ್ನೊಂದು ಲೆಕ್ಕ ನಡೆದಿತ್ತು. 2004ರಲ್ಲಿ ಆತ ಪೂರ್ವಕಥೆಯ ಸಂಪುಟವನ್ನು ಪ್ರಕಟಿಸಿದಾಗ, ಮುಖ್ಯ ಕಥೆ ಬಿಟ್ಟು ಇದೇಕೆ ಎಂಬ ಗೊಣಗಾಟ ಕೇಳಿತು. 2005ರ ಅಕ್ಟೋಬರ್‌ನಲ್ಲಿ ಹನ್ನೊಂದನೆಯ ಪುಸ್ತಕ ‘ನೈಫ್ ಆಫ್ ಡ್ರೀಮ್ಸ್’ ಬಂದಿತು. ಅದರಲ್ಲಿ ಕಥೆ ಮತ್ತೆ ಓಡಿತು. ಪೆರಿನ್‌ನ ಹೆಂಡತಿ ಬಿಡುಗಡೆಯಾದಳು, ಮ್ಯಾಟ್‌ನ ಮದುವೆಯಾಯಿತು, ಎಲೇನಳ ಸಿಂಹಾಸನದ ಹೋರಾಟ ಮುಗಿಯಿತು. ಬೇಸತ್ತಿದ್ದವರು ಮರಳಿ ಬಂದರು. ಎಷ್ಟೇ ಪುಟಗಳಾಗಲಿ, ಹನ್ನೆರಡನೆಯದೇ ಕೊನೆಯ ಪುಸ್ತಕ ಎಂದು ಜೋರ್ಡಾನ್ ಮಾತು ಕೊಟ್ಟ.

2006ರ ಮಾರ್ಚ್‌ನಲ್ಲಿ ‘ಲೋಕಸ್’ ಪತ್ರಿಕೆಗೆ ಬರೆದ ಪತ್ರದಲ್ಲಿ ಆತ ತನಗೆ ಕಾರ್ಡಿಯಾಕ್ ಅಮಿಲಾಯ್ಡೋಸಿಸ್ ಎಂಬ ಕಾಯಿಲೆ ಇರುವುದನ್ನು ತಿಳಿಸಿದ. ಅಸಹಜವಾದ ಪ್ರೋಟೀನು ಹೃದಯದ ಸ್ನಾಯುವಿನಲ್ಲಿ ಶೇಖರವಾಗಿ ಅದನ್ನು ಬಿಗಿಯಾಗಿಸುವ ಅಪರೂಪದ ರೋಗ ಇದು. ಬರೆಯಲು ಇನ್ನೂ ಮೂವತ್ತು ವರ್ಷಗಳಷ್ಟು ಕೆಲಸವಿದೆ, ಅದನ್ನು ಮುಗಿಸಿಯೇ ತೀರುತ್ತೇನೆ ಎಂಬ ಹಟ ಆತನದು. ಮೇಯೋ ಕ್ಲಿನಿಕ್‌ನಲ್ಲಿ ಚಿಕಿತ್ಸೆ ನಡೆಯಿತು. ಕಾಯಿಲೆ ಬಲವಾದಾಗ ಮನೆಯವರನ್ನು ಕೂರಿಸಿಕೊಂಡು ಕಥೆಯ ಅಂತ್ಯವನ್ನು ಬಾಯಲ್ಲೇ ಹೇಳಿದ. ಅವರು ಅದನ್ನು ಧ್ವನಿಮುದ್ರಿಸಿಕೊಂಡರು. 2007ರ ಸೆಪ್ಟೆಂಬರ್ 16ರಂದು ಜೋರ್ಡಾನ್ ತೀರಿಕೊಂಡ. ಆಗ ಆತನಿಗೆ 58 ವರ್ಷ.

ಹತ್ತನೆಯ ಪುಸ್ತಕ ಬಂದು ಐದು ವರ್ಷವೂ ಆಗಿರಲಿಲ್ಲ. ಏನೂ ನಡೆಯದ ಪುಸ್ತಕ ಎಂದು ಓದುಗರು ದೂರಿದ ಅದನ್ನು ಬರೆಯುವುದರಲ್ಲಿ ಲೇಖಕನ ಉಳಿದ ಆಯುಷ್ಯದ ದೊಡ್ಡದೊಂದು ಪಾಲು ಕಳೆದಿತ್ತು. ಆತನಿಗೂ ಅದು ಗೊತ್ತಿರಲಿಲ್ಲ, ಓದುಗರಿಗೂ ಗೊತ್ತಿರಲಿಲ್ಲ. ಕಥೆ ಮುಗಿಯುವ ಮೊದಲೇ ಎಲ್ಲಿ ಲೇಖಕನೇ ಮುಗಿದುಹೋಗುತ್ತಾನೋ ಎಂದು ಹಿಂದೆ ಒರಟಾಗಿ ಹಾಸ್ಯಮಾಡಿದ್ದವರಿಗೆ ಆ ದಿನ ತಮ್ಮ ಮಾತೇ ಚುಚ್ಚಿರಬೇಕು.

ಇನ್ನೊಂದು ಕೈ

ಮುಂದಿನ ಹೊಣೆ ಹ್ಯಾರಿಯೆಟ್‌ಳ ಮೇಲೆ ಬಿತ್ತು. ಬ್ರ್ಯಾಂಡನ್ ಸ್ಯಾಂಡರ್‌ಸನ್ ಎಂಬ ಯುವ ಲೇಖಕ ಜೋರ್ಡಾನ್‌ನ ಸಾವಿನ ಬಳಿಕ ಬರೆದ ಶ್ರದ್ಧಾಂಜಲಿಯೊಂದು ಆಕೆಯ ಕಣ್ಣಿಗೆ ಬಿದ್ದಿತ್ತು. ಆತನ ಕಾದಂಬರಿಯನ್ನು ತರಿಸಿ ಓದಿದ ಆಕೆ 2007ರ ಕೊನೆಯಲ್ಲಿ ಆತನನ್ನೇ ಆರಿಸಿದಳು. ಸ್ಯಾಂಡರ್‌ಸನ್ ಹದಿಹರೆಯದಿಂದಲೂ ಈ ಸರಣಿಯ ಓದುಗ. ಪುಸ್ತಕದಿಂದ ಪುಸ್ತಕಕ್ಕೆ ಕಾದವರಲ್ಲೊಬ್ಬ. ಒಂದೇ ಸಂಪುಟವೆಂದುಕೊಂಡದ್ದು ಆತನ ಕೈಯಲ್ಲೂ ಮೂರಾಯಿತು. 2009, 2010ರಲ್ಲಿ ಎರಡು ಬಂದವು. 2013ರ ಜನವರಿ 8ರಂದು ಹದಿನಾಲ್ಕನೆಯದಾದ ‘ಎ ಮೆಮೊರಿ ಆಫ್ ಲೈಟ್’ ಪ್ರಕಟವಾಗಿ ಸರಣಿ ಮುಗಿಯಿತು. ಅದರ ಕೊನೆಯ ದೃಶ್ಯ ಜೋರ್ಡಾನ್ ಸಾಯುವ ಮೊದಲೇ ಬರೆದಿಟ್ಟದ್ದು. ಓದುಗರು ಆಗಲೂ ಸುಮ್ಮನಿರಲಿಲ್ಲ. ಹೊಸ ಲೇಖಕನ ಮೊದಲ ಸಂಪುಟದಲ್ಲಿ ಮ್ಯಾಟ್ ಮೊದಲಿನ ಮ್ಯಾಟ್‌ನಂತೆ ಮಾತಾಡುವುದಿಲ್ಲ ಎಂದು ದೂರಿದರು. ಸ್ಯಾಂಡರ್‌ಸನ್ ಅದನ್ನು ಒಪ್ಪಿಕೊಂಡ.

ಕನ್ನಡಿಗರಿಗೆ ಈ ಕಥೆ ಎಲ್ಲೋ ಕೇಳಿದಂತಿರುವುದು ಸಹಜ. ಕನ್ನಡದಲ್ಲಿ ಇಂಥ ದೀರ್ಘ ಗದ್ಯಕಥೆಗೆ ಇರುವ ‘ಕಾದಂಬರಿ’ ಎಂಬ ಹೆಸರೇ ಅಪೂರ್ಣವಾಗಿ ಉಳಿದ ಕೃತಿಯೊಂದರಿಂದ ಬಂದದ್ದು. ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟ, ಜನ್ಮಾಂತರಗಳ ಅದ್ಭುತಕಥೆಯಾದ ‘ಕಾದಂಬರಿ’ಯನ್ನು ಮುಗಿಸದೆ ತೀರಿಕೊಂಡ. ಉತ್ತರಭಾಗವನ್ನು ಬರೆದು ಮುಗಿಸಿದವನು ಮಗ ಭೂಷಣಭಟ್ಟ. ಕವಿತ್ವದ ಗರ್ವದಿಂದ ತಾನು ಈ ಕೆಲಸಕ್ಕೆ ಕೈಹಾಕಲಿಲ್ಲ, ಕಥೆ ಅರ್ಧಕ್ಕೆ ನಿಂತದ್ದರಿಂದ ಸಜ್ಜನರಿಗಾದ ದುಃಖವನ್ನು ನೋಡಲಾರದೆ ಬರೆದೆ ಎಂದು ಆತ ಆರಂಭದಲ್ಲೇ ಅರಿಕೆ ಮಾಡಿಕೊಳ್ಳುತ್ತಾನೆ. ಓದುಗರ ಸಂಕಟವನ್ನೇ ಕಾರಣವಾಗಿ ಕೊಟ್ಟ ಲೇಖಕ ಆತ. ನಾಗವರ್ಮ ಎರಡೂ ಭಾಗಗಳನ್ನು ಸೇರಿಸಿಯೇ ಕನ್ನಡಕ್ಕೆ ತಂದ.

ಆದರೆ ಎಲ್ಲ ಉತ್ತರಭಾಗಗಳಿಗೂ ಆ ಭಾಗ್ಯವಿಲ್ಲ. ಗದುಗಿನ ನಾರಣಪ್ಪನ ಭಾರತ ಗದಾಪರ್ವದವರೆಗಿನ ಹತ್ತು ಪರ್ವಗಳಿಗೆ ನಿಂತಿತು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ರಚಿಸಿದ. ಗಮಕಿಗಳ ಬಾಯಲ್ಲಿ, ಜನರ ನೆನಪಿನಲ್ಲಿ ಉಳಿದದ್ದು ಕುಮಾರವ್ಯಾಸನ ಹತ್ತು ಪರ್ವಗಳು. ತಿಮ್ಮಣ್ಣನ ಹೆಸರು ಹೆಚ್ಚಾಗಿ ಸಾಹಿತ್ಯಚರಿತ್ರೆಯ ಪುಟಗಳಲ್ಲಿ ಉಳಿಯಿತು. ಓದುಗರು ಯಾರನ್ನೂ ಬೈಯಲಿಲ್ಲ, ಓದದೆ ಬಿಟ್ಟರು. ತೀರ್ಪುಗಳಲ್ಲೆಲ್ಲ ಕಠಿಣವಾದದ್ದು ಅದು. ಅದರ ಎದುರಿಗೆ ಹತ್ತನೆಯ ಪುಸ್ತಕದ ಮೇಲೆ ಸುರಿದ ಬೈಗುಳ ಲೇಖಕನಿಗೆ ಸಂದ ಮರ್ಯಾದೆಯೇ ಸರಿ.

ಕಾಯುವಿಕೆ ಇಲ್ಲದ ಓದು

2013ರ ನಂತರ ಈ ಸರಣಿಯನ್ನು ಮೊದಲ ಬಾರಿಗೆ ಓದುವವರ ಅನುಭವವೇ ಬೇರೆ. ಅವರು ಒಂಬತ್ತನೆಯ ಪುಸ್ತಕ ಮುಗಿಸಿದ ಸಂಜೆಯೇ ಹತ್ತನೆಯದನ್ನು ತೆರೆಯಬಹುದು. ಅದು ಬೇಸರವೆನಿಸಿದರೆ ಒಂದು ವಾರದಲ್ಲಿ ಮುಗಿಸಿ ಹನ್ನೊಂದನೆಯದಕ್ಕೆ ಹೋಗಬಹುದು. ಇಂಥ ಓದುಗರಲ್ಲಿ ಅನೇಕರು, ಹಾಗೆಯೇ ಹಿಂದೆ ಕಾದಿದ್ದು ಈಗ ಮರಳಿ ಓದಿದವರಲ್ಲಿ ಅನೇಕರು, ಹತ್ತನೆಯ ಪುಸ್ತಕ ಹೆಸರು ಕೆಡಿಸಿಕೊಂಡಷ್ಟು ಕೆಟ್ಟದ್ದೇನಲ್ಲ ಎನ್ನುತ್ತಾರೆ. ನಿಧಾನ ಎಂಬುದನ್ನು ಅವರೂ ಅಲ್ಲಗಳೆಯುವುದಿಲ್ಲ. ಗೊತ್ತಿರುವುದನ್ನೇ ಮತ್ತೆ ಮತ್ತೆ ಹೇಳಿದ ರಚನಾದೋಷ ಎಷ್ಟು ಬಾರಿ ಓದಿದರೂ ದೋಷವೇ. ಆದರೆ ದೋಷಕ್ಕೂ ದ್ರೋಹಕ್ಕೂ ವ್ಯತ್ಯಾಸವಿದೆ. 2003ರ ಓದುಗ ತನಗೆ ದ್ರೋಹವಾಯಿತೆಂದು ಭಾವಿಸಿದ್ದ. ಎರಡು ವರ್ಷ ಕಾದವನಿಗೆ ಒಂದು ದಿನದ ಕಥೆ ಸಿಕ್ಕಿತ್ತು; ಮುಂದಿನದಕ್ಕೆ ಇನ್ನೆಷ್ಟು ವರ್ಷವೋ ತಿಳಿಯದಾಗಿತ್ತು. ಪುಸ್ತಕದಲ್ಲಿ ಆಮೇಲೆ ಏನೂ ಬದಲಾಗಿಲ್ಲ. ಬದಲಾದದ್ದು ಹತ್ತಕ್ಕೂ ಹನ್ನೊಂದಕ್ಕೂ ನಡುವಣ ದೂರ.

ಹಾಗೆಂದು ಆಗಿನ ಓದುಗರ ಕೋಪ ತಪ್ಪಾಗಿತ್ತೆನ್ನುವಂತಿಲ್ಲ. ಅವರು ಕೊಟ್ಟದ್ದು ಹಣ ಮಾತ್ರವಲ್ಲ. 1990ರಲ್ಲಿ ಹದಿನೈದರ ಹುಡುಗನಾಗಿ ಮೊದಲ ಪುಸ್ತಕ ಹಿಡಿದವನು ಕೊನೆಯದನ್ನು ಮುಚ್ಚುವಾಗ ಮೂವತ್ತೆಂಟರ ಗೃಹಸ್ಥನಾಗಿದ್ದ. ಅದೇ ಬಗೆಯ ಇನ್ನೊಂದು ಸರಣಿಯಲ್ಲಿ, ಜಾರ್ಜ್ ಮಾರ್ಟಿನ್‌ನ 2011ರ ಐದನೆಯ ಸಂಪುಟದ ನಂತರ, ಕಾಯುವಿಕೆ ದಶಕವನ್ನೂ ಮೀರಿತು. ಜೋರ್ಡಾನ್‌ನ ಕಥೆಯನ್ನೇ ಆಧರಿಸಿ 2021ರಲ್ಲಿ ಆರಂಭವಾದ ತೆರೆಯ ಸರಣಿ ಮೂರು ಆವೃತ್ತಿಗಳಿಗೆ, 2025ರಲ್ಲಿ, ನಡುದಾರಿಯಲ್ಲೇ ನಿಂತುಹೋಯಿತು. ದೀರ್ಘ ಕಥೆಯನ್ನು ಆರಂಭಿಸುವ ಲೇಖಕ ತನ್ನ ಆಯುಷ್ಯವನ್ನು ಒತ್ತೆ ಇಡುತ್ತಾನೆ, ಓದುಗನೂ ತನ್ನ ಆಯುಷ್ಯದ ಒಂದು ತುಂಡನ್ನು ಅದರ ಪಕ್ಕದಲ್ಲೇ ಇಡುತ್ತಾನೆ. ನಡುವಿನ ಪುಸ್ತಕವೊಂದು ನಿಧಾನವಾದಾಗ ಕೇಳಿಬರುವ ಗೊಣಗಾಟದಲ್ಲಿ ಆ ಒತ್ತೆಯ ಆತಂಕವಿರುತ್ತದೆ. ಹತ್ತನೆಯ ಪುಸ್ತಕವನ್ನು ಬೈದವರೂ 2013ರ ಜನವರಿಯಲ್ಲಿ ಹದಿನಾಲ್ಕನೆಯದನ್ನು ಕೊಂಡು, ಜೋರ್ಡಾನ್ ಬರೆದಿಟ್ಟುಹೋದ ಕೊನೆಯ ದೃಶ್ಯದವರೆಗೂ ಓದಿದರು.